ಟೋನಿ ರೋಮೊಗೆ ಟೀವಿಯವರು ಅಷ್ಟು ದುಡ್ಡು ಯಾಕೆ ಕೊಟ್ಟರು?

ಪ್ರಶ್ನೆ: ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಡಲ್ಲಾಸ್ ಹತ್ತಿರದ ಪ್ಲೇನೋಗೆ ಬಂದೆ. ಸೋಮವಾರ ಬಂತು ಅಂದರೆ ಆಫೀಸಿನಲ್ಲಿ ಬರೀ ಅಮೆರಿಕನ್ ಫುಟ್‌ಬಾಲ್ ಮಾತು. ಆಟ ಈಗೀಗ ಸ್ವಲ್ಪ ಅರ್ಥವಾಗುತ್ತಿದೆ, ಆದರೆ ಒಂದು ವಿಷಯ ಮಾತ್ರ ತಲೆಗೆ ಹೋಗುತ್ತಿಲ್ಲ. ಇಲ್ಲಿನ ಕೌಬಾಯ್ಸ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡವನ್ನು ಆಡಿಸುವವನು) ಟೋನಿ ರೋಮೊ ಆಟ ಬಿಟ್ಟ ದಿನವೇ ಟೀವಿಯ ಮುಖ್ಯ ಕಾಮೆಂಟೇಟರ್ ಆದರಂತೆ. ಅದಕ್ಕೂ ಮುಂಚೆ ಒಂದು ಪಂದ್ಯಕ್ಕೂ ಕಾಮೆಂಟರಿ ಮಾಡಿರಲಿಲ್ಲವಂತೆ. ಟಾಮ್ ಬ್ರೇಡಿ ಅನ್ನುವ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನದ್ದೂ ಇದೇ ಕಥೆ, ಇನ್ನೂ ದೊಡ್ಡ ಮೊತ್ತ. ಇದು ಬರೀ ಹೆಸರಿಗೆ ಕೊಡುವ ದುಡ್ಡಾ? ಅದೂ ಕ್ವಾರ್ಟರ್‌ಬ್ಯಾಕ್‌ಗಳಿಗೇ ಯಾಕೆ?

ಉತ್ತರ: ಒಳ್ಳೆ ಪ್ರಶ್ನೆ ಕೇಳಿದ್ದೀರಿ, ಅದೂ ಸರಿಯಾದ ಊರಲ್ಲೇ ಕೂತು ಕೇಳಿದ್ದೀರಿ. ನನ್ನ ಬಗ್ಗೆ ಎರಡು ಮಾತು ಹೇಳಿಬಿಡುತ್ತೇನೆ. ನಾನು ಮೈದಾನದ ಹೊರಗೆ ನಿಲ್ಲುವ ಕ್ರೀಡಾ ಪ್ರಸಾರದ ಗಾಡಿ, ಅಂದರೆ ಓಬಿ ವ್ಯಾನ್‌ನಲ್ಲಿ ಕೂತು ಹೊಟ್ಟೆ ಹೊರೆದವನು. ಮೊದಲು ಬೆಂಗಳೂರಿನಲ್ಲಿ ಕ್ರಿಕೆಟ್ಟು, ಕಬಡ್ಡಿ. ಆಮೇಲೆ ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್‌ಗೆ ರೀಪ್ಲೇ ಹಾಕುವ ಕೆಲಸ. ಆಟಗಾರ ಹೇಗೆ ಆಡುತ್ತಾನೆ ಅನ್ನೋದಕ್ಕಿಂತ, ಆಡಿ ಬಂದವನ ಕೈಗೆ ಮೈಕ್ ಕೊಟ್ಟರೆ ಏನಾಗುತ್ತದೆ ಅನ್ನೋದನ್ನು ಜಾಸ್ತಿ ನೋಡಿದ್ದೇನೆ.

ನಿಮ್ಮ ಪ್ರಶ್ನೆಗೆ ಸುತ್ತು ಬಳಸದೆ ಹೇಳಬೇಕೆಂದರೆ, ಬ್ರೇಡಿಗೆ ಕೊಟ್ಟಿದ್ದು ಬಹುಪಾಲು ಹೆಸರಿಗೆ. ರೋಮೊಗೆ ಮೊದಲ ಸಲ ಕೊಟ್ಟಿದ್ದು ಒಂದು ಅಂದಾಜಿನ ಮೇಲೆ. ಆ ಅಂದಾಜು ಏನಪ್ಪಾ ಅಂದರೆ, ಕ್ವಾರ್ಟರ್‌ಬ್ಯಾಕ್ ಅನ್ನುವವನು ಮೈದಾನದಲ್ಲಿದ್ದಾಗಲೇ ಮನಸ್ಸಿನೊಳಗೆ ಕಾಮೆಂಟರಿ ಮಾಡುತ್ತಲೇ ಇರುತ್ತಾನೆ, ಅದನ್ನು ಜೋರಾಗಿ ಹೇಳುವಂತೆ ಮಾಡಿದರೆ ಸಾಕು. ಅಂದಾಜು ಸರಿಯಾಗಿಯೇ ಇತ್ತು. ಆದರೆ ಅದಕ್ಕೊಂದು ಅವಧಿ ಇದೆ, ಅದನ್ನು ಆಗ ಯಾರೂ ಲೆಕ್ಕ ಹಾಕಿರಲಿಲ್ಲ.

ಮೊದಲು ರೋಮೊ ಯಾರು ಅಂತ ನೋಡೋಣ, ಯಾಕೆಂದರೆ ಆಮೇಲಿನದೆಲ್ಲ ಅಲ್ಲಿಂದಲೇ ಬರುತ್ತದೆ. ಬೆಳೆದದ್ದು ವಿಸ್ಕಾನ್ಸಿನ್‌ನ ಬರ್ಲಿಂಗ್ಟನ್ ಅನ್ನುವ ಸಣ್ಣ ಊರಲ್ಲಿ. ಓದಿದ್ದು ಈಸ್ಟರ್ನ್ ಇಲಿನಾಯ್ಸ್‌ನಲ್ಲಿ, ಅದೇನೂ ಫುಟ್‌ಬಾಲ್‌ಗೆ ದೊಡ್ಡ ಹೆಸರಿನ ಕಾಲೇಜಲ್ಲ. 2003ರ ಡ್ರಾಫ್ಟ್‌ನಲ್ಲಿ, ಅಂದರೆ ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವಾಗ, ಯಾವ ತಂಡವೂ ಅವರನ್ನು ಆರಿಸಲಿಲ್ಲ. ಕೌಬಾಯ್ಸ್ ಸುಮ್ನೆ ಇರಲಿ ಅಂತ ಕರೆದುಕೊಂಡಿತು. ಮೂರು ವರ್ಷಕ್ಕೂ ಜಾಸ್ತಿ ಬೆಂಚಿನ ಮೇಲೆ ಕೂತರು. 2006ರ ಅಕ್ಟೋಬರ್‌ನಲ್ಲಿ, ಜೈಂಟ್ಸ್ ವಿರುದ್ಧದ ಪಂದ್ಯದ ಅರ್ಧದಲ್ಲಿ, ಆಗಿನ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೊನನ್ನು ಕೂರಿಸಿ ಇವರನ್ನು ಇಳಿಸಿದರು. ಎಸೆದ ಮೊದಲ ಚೆಂಡೇ ಎದುರಾಳಿ ಕೈಗೆ ಹೋಯಿತು. ಆದರೂ ಅಲ್ಲಿಂದ ಹತ್ತು ವರ್ಷ ಆ ಜಾಗ ಅವರದ್ದೇ.

ಬೆಂಚಿನ ಮೇಲಿನ ಆ ವರ್ಷಗಳನ್ನು ನೆನಪಿಟ್ಟುಕೊಳ್ಳಿ. ತೋಳಿನ ಬಲದಲ್ಲೇ ಎಲ್ಲವನ್ನೂ ಗೆದ್ದವನಿಗೆ ಆಟವನ್ನು ಬಿಡಿಸಿ ನೋಡುವ ಅಗತ್ಯ ಬರುವುದಿಲ್ಲ. ಮೂಲೆಯಲ್ಲಿ ಕೂತು ಕಾದವನಿಗೆ ಬೇರೆ ಕೆಲಸವೇ ಇರುವುದಿಲ್ಲ, ನೋಡುತ್ತಾನೆ, ನೋಡುತ್ತಲೇ ಇರುತ್ತಾನೆ. ಕ್ರಿಕೆಟ್‌ನಲ್ಲೂ ಇದನ್ನು ಗಮನಿಸಿದ್ದೇನೆ, ಹನ್ನೆರಡನೆಯವನಾಗಿ ನೀರು ಹೊತ್ತವರು ಮೈಕ್ ಮುಂದೆ ಎಷ್ಟೋ ಸಲ ದೊಡ್ಡ ದೊಡ್ಡ ಸ್ಟಾರ್‌ಗಳಿಗಿಂತ ಚೆನ್ನಾಗಿ ಮಾತಾಡುತ್ತಾರೆ.

ರೋಮೊ ಅಂಕಿಅಂಶ ಚೆನ್ನಾಗಿದೆ. 34,183 ಗಜ ಪಾಸ್, 248 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು). ಆಟ ಬಿಟ್ಟಾಗ ಎರಡೂ ಕೌಬಾಯ್ಸ್ ದಾಖಲೆ. ಆದರೆ ಪ್ಲೇಆಫ್, ಅಂದರೆ ನಾಕೌಟ್ ಸುತ್ತಿನಲ್ಲಿ ಗೆದ್ದಿದ್ದು 2, ಸೋತಿದ್ದು 4. ಫೈನಲ್ ಆದ ಸೂಪರ್ ಬೌಲ್ ಆಡಲೇ ಇಲ್ಲ. ನಿಮ್ಮ ಆಫೀಸಿನ ಹಳಬರನ್ನು ಕೇಳಿ, 2007ರ ಜನವರಿಯ ಸಿಯಾಟಲ್ ಪಂದ್ಯ ಅಂದರೆ ಈಗಲೂ ಮುಖ ಹುಳಿ ಮಾಡಿಕೊಳ್ಳುತ್ತಾರೆ. ಒಂದೇ ಪಾಯಿಂಟ್ ಹಿಂದಿದ್ದರು, 19 ಗಜದ ಕಿಕ್, ಗೆಲುವು ಅಂಗೈಯಲ್ಲಿ. ಕಿಕ್ ಮಾಡುವವನಿಗಾಗಿ ಚೆಂಡು ಹಿಡಿದು ನಿಲ್ಲಿಸಬೇಕಿದ್ದದ್ದು ಇದೇ ರೋಮೊ, ಚೆಂಡು ಕೈ ಜಾರಿತು. ಎತ್ತಿಕೊಂಡು ಓಡಿದರು, ಕೊನೆ ಗೆರೆಗೆ ಎರಡು ಗಜ ಇದ್ದಾಗ ಹಿಂದಿನಿಂದ ಹಿಡಿದು ಕೆಡವಿದರು. 21-20. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ಮಾತನ್ನು ಟೆಕ್ಸಾಸ್‌ನವರಿಗೆ ವಿವರಿಸಬೇಕಾದರೆ ಆ ಒಂದು ಕ್ಲಿಪ್ ತೋರಿಸಿದರೆ ಸಾಕು.

ಇನ್ನು ನಿವೃತ್ತಿ. ಅವರಾಗಿ ಆರಿಸಿಕೊಂಡು ನಗುತ್ತಾ ಹೋದರು ಅಂತ ಅಂದುಕೊಳ್ಳಬೇಡಿ. 2015ರಲ್ಲಿ ಎಡಗಡೆಯ ಕಾಲರ್‌ಬೋನ್ ಒಂದೇ ಸೀಸನ್‌ನಲ್ಲಿ ಎರಡು ಸಲ ಮುರಿಯಿತು. 2016ರ ಆಗಸ್ಟ್‌ನಲ್ಲಿ, ಲೆಕ್ಕಕ್ಕೇ ಇಲ್ಲದ ಒಂದು ಅಭ್ಯಾಸ ಪಂದ್ಯದ ಮೂರನೇ ಪ್ಲೇಯಲ್ಲಿ (ಕ್ರಿಕೆಟ್‌ನ ಒಂದು ಎಸೆತದ ಹಾಗೆ, ಒಂದು ಸಲದ ಆಟಕ್ಕೆ ಪ್ಲೇ ಅನ್ನುತ್ತಾರೆ), ಹಿಂದಿನಿಂದ ಬಿದ್ದ ಹೊಡೆತಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟಿತು. ಅದೂ ಸಿಯಾಟಲ್‌ನಲ್ಲೇ, ಆ ಊರಿಗೂ ಅವರಿಗೂ ಆಗಿ ಬರುವುದಿಲ್ಲ ಅಂತ ಕಾಣುತ್ತದೆ. ಬದಲಿಗೆ ಬಂದವನು ಡ್ಯಾಕ್ ಪ್ರೆಸ್ಕಾಟ್, ನಾಲ್ಕನೇ ಸುತ್ತಿನಲ್ಲಿ ಆಯ್ಕೆಯಾಗಿದ್ದ ಹೊಸ ಹುಡುಗ. ತಂಡ 13-3. ಗೆಲ್ಲುತ್ತಿರುವ ಹುಡುಗನನ್ನು ಯಾರು ಕೂರಿಸುತ್ತಾರೆ ಹೇಳಿ? ನವೆಂಬರ್‌ನಲ್ಲಿ ರೋಮೊ ಪತ್ರಕರ್ತರ ಮುಂದೆ ನಿಂತು, ಬರೆದು ತಂದಿದ್ದನ್ನು ಓದಿದರು. ಜಾಗ ಅವನದ್ದು, ಅವನು ಅದನ್ನು ದುಡಿದು ಗಳಿಸಿದ್ದಾನೆ, ಅನ್ನುವುದು ಅದರ ಸಾರ. ಗಂಟಲು ಕಟ್ಟಿತ್ತು, ಆದರೂ ಒಂದು ಕಹಿ ಮಾತಿಲ್ಲ. ಆ ಕೆಲವು ನಿಮಿಷಗಳೇ ಅವರ ಮೊದಲ ಟೀವಿ ಆಡಿಷನ್ ಅಂತ ನನ್ನ ಅಭಿಪ್ರಾಯ. ಎಡವಿದ್ದಕ್ಕೆ ವರ್ಷಗಟ್ಟಲೆ ನಕ್ಕಿದ್ದ ಜನ ಅವತ್ತು ಅವರನ್ನು ಇಷ್ಟಪಟ್ಟರು.

2017ರ ಏಪ್ರಿಲ್ 4ರಂದು ಕೌಬಾಯ್ಸ್ ಅವರನ್ನು ಬಿಟ್ಟುಕೊಟ್ಟಿತು. ಅದೇ ದಿನ ಸಿಬಿಎಸ್ ಚಾನೆಲ್ ಘೋಷಿಸಿತು: ಕಾಮೆಂಟೇಟರ್ ಜಿಮ್ ನಾಂಟ್ಜ್ ಪಕ್ಕದ ಮುಖ್ಯ ಕುರ್ಚಿ ರೋಮೊಗೆ. ಆ ಕುರ್ಚಿಯಲ್ಲಿ 1998ರಿಂದ ಇದ್ದದ್ದು ಫಿಲ್ ಸಿಮ್ಸ್, ಅವರೂ ಹಳೇ ಕ್ವಾರ್ಟರ್‌ಬ್ಯಾಕೇ, ಸೂಪರ್ ಬೌಲ್ ಗೆದ್ದವರು. ಅವರನ್ನು ಸ್ಟುಡಿಯೋಗೆ ಕಳಿಸಿದರು. ಸಾಮಾನ್ಯವಾಗಿ ಹೊಸಬರನ್ನು ಮೂರನೇ ನಾಲ್ಕನೇ ಜೋಡಿಯಲ್ಲಿ, ಯಾರೂ ಜಾಸ್ತಿ ನೋಡದ ಪಂದ್ಯದಲ್ಲಿ ಕೂರಿಸಿ ಪಳಗಿಸುತ್ತಾರೆ. ರೋಮೊನನ್ನು ಮಾತ್ರ ನೇರ ಮೊದಲ ಪಂಕ್ತಿಗೇ ಕೂರಿಸಿದರು.

ಇದು ಎಷ್ಟು ದೊಡ್ಡ ಜೂಜು ಅಂತ ಗೊತ್ತಾಗಬೇಕಾದರೆ ಕಾಮೆಂಟರಿ ಬಾಕ್ಸ್ ಒಳಗೆ ಏನು ನಡೆಯುತ್ತದೆ ಅಂತ ನೋಡಬೇಕು. ಹಲವು ವರ್ಷದ ಹಿಂದೆ ಬೆಂಗಳೂರಿನಲ್ಲಿ ಒಂದು ಚಾನೆಲ್ಲಿಗೆ ಕ್ರಿಕೆಟ್ ಮಾಡುತ್ತಿದ್ದೆವು. ಆಗಷ್ಟೇ ಆಟ ಬಿಟ್ಟ ಒಬ್ಬ ಬೌಲರ್‌ನನ್ನು ಕರೆಸಿದ್ದರು, ಹೆಸರು ಬೇಡ. ಹರಟೆಗೆ ಕೂತರೆ ಊಟ ಮರೆಯಬೇಕು, ಅಂಥ ಮಾತುಗಾರ. ಹೆಡ್‌ಸೆಟ್ ಹಾಕಿದೆವು. ಅದರಲ್ಲಿ ಪ್ರೊಡ್ಯೂಸರ್ ಧ್ವನಿ ಕಿವಿಗೆ ಬರುತ್ತಲೇ ಇರುತ್ತದೆ, ನೋಡುವವರಿಗೆ ಅದು ಕೇಳಿಸುವುದಿಲ್ಲ. "ಓವರ್ ಮುಗೀತು, ಹತ್ತು ಸೆಕೆಂಡಲ್ಲಿ ಆ್ಯಡ್" ಅಂದರು. ಈ ಮನುಷ್ಯ ಫೀಲ್ಡ್ ಬಗ್ಗೆ ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ಲೈವ್‌ನಲ್ಲಿ, "ಆಯ್ತು ಸಾರ್" ಅಂದುಬಿಟ್ಟರು! ವ್ಯಾನ್‌ನಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆದರೆ ಅವರು ಆ ದಿನ ಪೂರ್ತಿ ಮಂಕಾದರು, ಆಮೇಲೆ ಬರಲೇ ಇಲ್ಲ. ಒಂದು ಕಿವಿಯಲ್ಲಿ ಆದೇಶ ಕೇಳಿಸಿಕೊಳ್ಳುತ್ತಾ, ಕಣ್ಣಲ್ಲಿ ಆಟ ನೋಡುತ್ತಾ, ಬಾಯಲ್ಲಿ ಬೇರೇನೋ ಮಾತಾಡುವುದಿದೆಯಲ್ಲ, ಅದು ಬುದ್ಧಿವಂತಿಕೆಯ ಪ್ರಶ್ನೆಯಲ್ಲ. ಸೈಕಲ್ ತುಳಿದ ಹಾಗೆ, ಮೈಗೆ ಹತ್ತಬೇಕು.

ಈಗ ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಕ್ವಾರ್ಟರ್‌ಬ್ಯಾಕ್‌ಗಳೇ ಯಾಕೆ? ಈ ಅಭ್ಯಾಸ ಮೈಗೆ ಹತ್ತಿರುವ ಆಟಗಾರ ಬಹುಮಟ್ಟಿಗೆ ಅವನೊಬ್ಬನೇ. ಮುಂದಿನ ಭಾನುವಾರ ಟೀವಿಯಲ್ಲಿ ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್‌ನ ಹಿಂಬದಿ ನೋಡಿ, ಒಂದು ಹಸಿರು ಚುಕ್ಕೆ ಇರುತ್ತದೆ. ಒಳಗೆ ಸ್ಪೀಕರ್ ಇದೆ ಅಂತ ಅದರ ಅರ್ಥ. 1994ರಿಂದ ಇದೆ. ಒಂದು ಪ್ಲೇ ಮುಗಿದ ಮೇಲೆ ಮುಂದಿನದಕ್ಕೆ 40 ಸೆಕೆಂಡ್ ಗಡಿಯಾರ ಓಡುತ್ತದೆ. ಕೋಚ್ ಆ ಸ್ಪೀಕರ್‌ನಲ್ಲಿ ಪ್ಲೇ ಹೆಸರು ಹೇಳುತ್ತಾರೆ, ಹೆಸರೋ ಒಂದು ಸಾಲು ಮಂತ್ರದಷ್ಟು ಉದ್ದ. ಇವನು ಅದನ್ನು ಕೇಳಿಸಿಕೊಂಡು ಉಳಿದ ಹತ್ತು ಜನಕ್ಕೆ ತಪ್ಪಿಲ್ಲದೆ ಹೇಳಬೇಕು, ಎರಡೂ ತಂಡ ಎದುರುಬದುರು ನಿಲ್ಲುವ ಗೆರೆಗೆ ಬಂದು ನಿಲ್ಲಬೇಕು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಆ ಸ್ಪೀಕರ್ ತಾನಾಗೇ ಬಂದ್ ಆಗುತ್ತದೆ. ಆಮೇಲೆ ಯಾರ ಸಹಾಯವೂ ಇಲ್ಲ, ಎದುರಿಗಿರುವ ಹನ್ನೊಂದು ಜನರನ್ನು ಅವನೇ ಓದಬೇಕು.

ಕಿವಿಯಲ್ಲಿ ಧ್ವನಿ, ಎದುರಿಗೆ ಗಡಿಯಾರ, ಕೆಲವೇ ಸೆಕೆಂಡಿನಲ್ಲಿ ನೋಡಿದ್ದನ್ನು ಮಾತಾಗಿಸುವುದು. ಕಾಮೆಂಟರಿ ಬಾಕ್ಸ್‌ನ ಕೆಲಸವೂ ಇದೇ ಅಲ್ವಾ?

ಓದುವುದು ಅಂದೆನಲ್ಲ, ಏನನ್ನು ಓದುತ್ತಾರೆ? ನಮಗೆ ಗೊತ್ತಿರುವ ಆಟದಿಂದಲೇ ಹೇಳುತ್ತೇನೆ. ಬ್ಯಾಟ್ಸ್‌ಮನ್ ಫೀಲ್ಡ್ ನೋಡುತ್ತಾನೆ. ಫೈನ್ ಲೆಗ್ ಒಳಗೆ ಬಂದಿದ್ದಾನೆ, ಡೀಪ್ ಪಾಯಿಂಟ್ ಹಿಂದೆ ಹೋಗಿದ್ದಾನೆ ಅಂದರೆ ಚೆಂಡು ಆಫ್ ಸ್ಟಂಪ್ ಆಚೆ ಬರುವ ಸಾಧ್ಯತೆ ಜಾಸ್ತಿ ಅಂತ ಲೆಕ್ಕ ಹಾಕುತ್ತಾನೆ. ಫುಟ್‌ಬಾಲ್‌ನಲ್ಲಿ ಆ ಸುಳಿವು ಕೊಡುವವರು ಮುಖ್ಯವಾಗಿ ಸೇಫ್ಟಿಗಳು, ಅಂದರೆ ಎಲ್ಲರಿಗಿಂತ ಹಿಂದೆ ಕಾವಲು ನಿಲ್ಲುವ ಇಬ್ಬರು. ಇಬ್ಬರೂ ಹಿಂದೆ ಇದ್ದರೆ ಉದ್ದದ ಎಸೆತ ಕಷ್ಟ, ನಡುವೆ ಓಡುವುದು ಸುಲಭ. ಒಬ್ಬ ಮುಂದೆ ಬಂದ ಅಂದರೆ ಅವನು ಬಿಟ್ಟ ಕಡೆ ಬಾಗಿಲು ತೆರೆದಿದೆ. ಇನ್ನೊಂದು ಸುಳಿವೂ ಇದೆ. ಸ್ನ್ಯಾಪ್‌ಗೆ (ಚೆಂಡನ್ನು ನೆಲದಿಂದ ಹಿಂದಕ್ಕೆ ಕೊಟ್ಟು ಪ್ಲೇ ಶುರು ಮಾಡುವುದು) ಮುಂಚೆ ನಮ್ಮ ಕಡೆಯ ಒಬ್ಬನನ್ನು ಈ ತುದಿಯಿಂದ ಆ ತುದಿಗೆ ನಡೆಸುತ್ತಾರೆ, ನೋಡಿರುತ್ತೀರಿ. ಎದುರಾಳಿಯೊಬ್ಬ ಅವನ ಹಿಂದೆಯೇ ಓಡಿದರೆ, ಒಬ್ಬರಿಗೊಬ್ಬರು ಕಾವಲು. ಯಾರೂ ಓಡದೆ ಎಲ್ಲರೂ ಅರ್ಧ ಹೆಜ್ಜೆ ಸರಿದರೆ, ಜಾಗಕ್ಕೆ ಕಾವಲು. ಈ ಉತ್ತರ ಸಿಕ್ಕ ತಕ್ಷಣ ಕ್ವಾರ್ಟರ್‌ಬ್ಯಾಕ್ ಕೂಗಿ ಪ್ಲೇ ಬದಲಿಸುತ್ತಾನೆ. ಆ ಗಲಾಟೆಯ ಅರ್ಧ ನಿಜ, ಅರ್ಧ ನಾಟಕ.

ಟೀವಿಯ ಒಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಸ್ನ್ಯಾಪ್‌ಗೆ ಮುಂಚೆ ನಿಮಗೆ ಕಾಣುವ ಚಿತ್ರ ಗೆರೆಯ ಆಚೆ ಈಚೆ ಕೆಲವು ಗಜ ಮಾತ್ರ. ಹಿಂದಿನ ಸೇಫ್ಟಿಗಳು ಬಹಳ ಸಲ ಫ್ರೇಮಿನಲ್ಲೇ ಇರುವುದಿಲ್ಲ. ಅಂದರೆ ಯಾವುದನ್ನು ನೋಡಿ ಆಟ ನಿರ್ಧಾರವಾಗುತ್ತದೋ ಅದೇ ಮನೆಯಲ್ಲಿ ಕೂತವರಿಗೆ ಕಾಣುವುದಿಲ್ಲ! ಬಾಕ್ಸ್‌ನಲ್ಲಿ ಮೇಲೆ ಕೂತವರಿಗೆ ಇಪ್ಪತ್ತೆರಡೂ ಜನ ಕಾಣುತ್ತಾರೆ. ಅನಲಿಸ್ಟ್‌ಗಳು, ಅಂದರೆ ರೋಮೊ ಹಾಗೆ ಆಟ ಬಿಡಿಸಿ ಹೇಳುವ ಕಾಮೆಂಟೇಟರ್‌ಗಳು, ವರ್ಷಗಟ್ಟಲೆ ಅದನ್ನು ಪ್ಲೇ ಮುಗಿದ ಮೇಲೆ, ರೀಪ್ಲೇ ಬಂದಾಗ ವಿವರಿಸುತ್ತಿದ್ದರು. ಬಾಕ್ಸ್‌ನಲ್ಲಿ ಒಂದು ಹಳೇ ಪದ್ಧತಿಯೂ ಇತ್ತು: ಆಟಗಾರರು ಗೆರೆಗೆ ಬರುತ್ತಿದ್ದಂತೆ ಅನಲಿಸ್ಟ್ ಬಾಯಿ ಮುಚ್ಚಬೇಕು, ಅಲ್ಲಿಂದ ಮಾತು ಪಕ್ಕದವನದ್ದು.

ರೋಮೊ ಅದನ್ನು ಮುರಿದರು. 2017ರ ಸೆಪ್ಟೆಂಬರ್‌ನಲ್ಲಿ ನ್ಯಾಶ್‌ವಿಲ್‌ನಲ್ಲಿ ರೇಡರ್ಸ್-ಟೈಟನ್ಸ್ ಪಂದ್ಯ, ಅವರ ಮೊದಲನೆಯದು. ಗೆರೆಗೆ ಬಂದ ಮೇಲೂ ಮಾತು ನಿಲ್ಲಿಸಲಿಲ್ಲ. ಎಡಗಡೆ ಓಡುತ್ತಾರೆ ನೋಡಿ ಅಂದರು, ಓಡಿದರು. ನೋಡುವವರಿಗೆ ರೋಮಾಂಚನ. ಜೊತೆಗೆ ಆ ಧ್ವನಿಯೂ ಅಷ್ಟೇ, ಪಂಡಿತರ ಧ್ವನಿಯಲ್ಲ, ಸೋಫಾ ತುದಿಯಲ್ಲಿ ಕೂತು ಅಯ್ಯೋ ಜಿಮ್, ನೋಡು ಜಿಮ್ ಅನ್ನುವ ಭಾವಮೈದುನನ ಧ್ವನಿ.

ಶಿಖರ ಅಂದರೆ 2019ರ ಜನವರಿ 20, ಕಾನ್ಸಾಸ್ ಸಿಟಿ. ಪೇಟ್ರಿಯಟ್ಸ್ ಮತ್ತು ಚೀಫ್ಸ್, ಗೆದ್ದವರಿಗೆ ಸೂಪರ್ ಬೌಲ್. ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಪೇಟ್ರಿಯಟ್ಸ್‌ನ ಬ್ರೇಡಿ ಆ ಕೊನೆಯ ಸರದಿಯಲ್ಲಿ ಮೂರು ಸಲ, ಮೂರನೇ ಡೌನ್‌ನಲ್ಲಿ (ಹತ್ತು ಗಜ ದಾಟಲು ಸಿಗುವ ನಾಲ್ಕು ಅವಕಾಶದಲ್ಲಿ ಮೂರನೆಯದು) ಹತ್ತು ಗಜ ಬೇಕಾದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡರು. ಎರಡು ಸಲ ಎಡೆಲ್‌ಮನ್‌ಗೆ ಎಸೆದು ಪಾರಾದರು. ಮೂರನೇ ಸಲ ಗ್ರಾಂಕೌಸ್ಕಿಗೆ, 15 ಗಜ. ಪಂದ್ಯದ ಕೊನೆಯ ಹೊತ್ತಿನ ಒಂದು ಪ್ಲೇಯಲ್ಲಿ ರೋಮೊ ಬಾಕ್ಸ್‌ನಿಂದ, ಚೆಂಡು ಇನ್ನೂ ನೆಲದ ಮೇಲಿರುವಾಗಲೇ, ಗ್ರಾಂಕ್ ಹೊರಗಿದ್ದಾನೆ, ಆ ಸೇಫ್ಟಿಯನ್ನು ನೋಡುತ್ತಿರಿ, ಅವನು ಕೆಳಗೆ ಬಂದರೆ ಚೆಂಡು ಅಲ್ಲಿಗೇ, ಅನ್ನುವ ಅರ್ಥದಲ್ಲಿ ಹೇಳಿದರು. ಸೇಫ್ಟಿ ಬಂದ. ಚೆಂಡು ಅಲ್ಲಿಗೇ ಹೋಯಿತು. ಓವರ್‌ಟೈಮ್‌ನಲ್ಲಿ ಕೊನೆಗೆ ಪೇಟ್ರಿಯಟ್ಸ್‌ನ ಬರ್ಕ್‌ಹೆಡ್ ಎರಡು ಗಜ ನುಗ್ಗಿ ಪಂದ್ಯ ಮುಗಿಸಿದ, 37-31. ಮಾರನೇ ದಿನ ಜನ ಬ್ರೇಡಿ ಬಗ್ಗೆ ಎಷ್ಟು ಮಾತಾಡಿದರೋ ರೋಮೊ ಬಗ್ಗೆಯೂ ಅಷ್ಟೇ ಮಾತಾಡಿದರು. ಭವಿಷ್ಯ ಹೇಳಿ ಹೆಸರಾದ ನಾಸ್ಟ್ರಡಾಮಸ್ ಹೆಸರಿಗೆ ರೋಮೊ ಸೇರಿಸಿ 'ರೋಮೊಸ್ಟ್ರಡಾಮಸ್' ಅಂತ ಅಡ್ಡಹೆಸರು ಓಡಾಡಿತು.

ಆದರೆ ಒಂದು ಲೆಕ್ಕ ನೋಡಿ. ವಾಲ್ ಸ್ಟ್ರೀಟ್ ಜರ್ನಲ್‌ನವರು ಆ ಸೀಸನ್ನಿನ ಅವರ ಎಲ್ಲ ಪಂದ್ಯಗಳನ್ನೂ ಕೂತು ನೋಡಿ ಎಣಿಸಿದರು. ಎರಡೂವರೆ ಸಾವಿರಕ್ಕೂ ಜಾಸ್ತಿ ಪ್ಲೇಗಳಲ್ಲಿ ಅವರು ಮುಂಚಿತವಾಗಿ ಹೇಳಿದ್ದು 72. ಅದರಲ್ಲಿ 68 ಪರ್ಸೆಂಟ್ ಸರಿ. ಅಂದರೆ ಮೂರರಲ್ಲಿ ಒಂದು ತಪ್ಪು, ಮತ್ತು ಪಂದ್ಯಕ್ಕೆ ಬೆರಳೆಣಿಕೆಯಷ್ಟೇ ಭವಿಷ್ಯ. ನೋಡುವವರ ನೆನಪಿನಲ್ಲಿ ಮಾತ್ರ ಇಡೀ ಪಂದ್ಯವನ್ನೇ ಮೊದಲು ಹೇಳಿದ ಹಾಗಿದೆ. ನಮ್ಮೂರ ಜ್ಯೋತಿಷಿಗಳ ಕಸುಬೂ ಇದೇ ಲೆಕ್ಕದ ಮೇಲೆ ನಡೆಯುತ್ತದೆ ಬಿಡಿ. ಆದರೆ ರೋಮೊ ತಮ್ಮ ಕಾರಣವನ್ನೂ ಹೇಳುತ್ತಿದ್ದರು, ಅದು ಜ್ಯೋತಿಷಿ ಹೇಳುವುದಿಲ್ಲ. ಸೇಫ್ಟಿಯನ್ನು ನೋಡಿ ಅಂತ ಹೇಳಿಕೊಟ್ಟದ್ದೇ ದೊಡ್ಡದು. ಊಹೆ ಸರಿಯಾಯಿತೋ ಇಲ್ಲವೋ, ಮುಂದಿನ ಸಲ ನಮ್ಮ ಕಣ್ಣು ಆ ಕಡೆ ಹೋಗುತ್ತದೆ.

ಈಗ ದುಡ್ಡು. 2020ರಲ್ಲಿ ಬೇರೆ ಚಾನೆಲ್ ಎಳೆದುಕೊಳ್ಳುವ ಭಯ ಬಂದಾಗ ಸಿಬಿಎಸ್ ವರ್ಷಕ್ಕೆ ಸುಮಾರು 1 ಕೋಟಿ 70 ಲಕ್ಷ ಡಾಲರ್ ಕೊಟ್ಟು ಉಳಿಸಿಕೊಂಡಿತು ಅಂತ ವರದಿಯಾಯಿತು. ನಮಗೆ ತಲೆ ತಿರುಗುವ ಮೊತ್ತ. ಆದರೆ ಚಾನೆಲ್ ಕಡೆಯಿಂದ ನೋಡಿ. 2021ರಲ್ಲಿ ಈ ಆಟದ ಲೀಗ್ ಆದ ಎನ್‌ಎಫ್‌ಎಲ್ ಎಲ್ಲ ಚಾನೆಲ್‌ಗಳ ಜೊತೆ ಮಾಡಿಕೊಂಡ ಪ್ರಸಾರ ಒಪ್ಪಂದ 11 ವರ್ಷಕ್ಕೆ ಸುಮಾರು 110 ಬಿಲಿಯನ್ ಡಾಲರ್. ಒಂದೊಂದು ಚಾನೆಲ್ ವರ್ಷಕ್ಕೆ ಎರಡು ಬಿಲಿಯನ್ ಆಸುಪಾಸು ಕಟ್ಟಬೇಕು. ಅಷ್ಟು ಖರ್ಚಿನ ಮದುವೆಯಲ್ಲಿ ಓಲಗದವರಿಗೆ ಕೊಡುವ ದುಡ್ಡು ಯಾವ ಲೆಕ್ಕ? ಜೊತೆಗೆ ಈ ಆಟದ ಸ್ವಭಾವವೂ ಹಾಗಿದೆ. ಮೂರು ಗಂಟೆ ಪ್ರಸಾರದಲ್ಲಿ ಚೆಂಡು ನಿಜವಾಗಿ ಆಟದಲ್ಲಿರುವುದು ಹತ್ತು-ಹನ್ನೊಂದು ನಿಮಿಷ ಅಷ್ಟೇ. ಉಳಿದದ್ದು ಆ್ಯಡ್, ರೀಪ್ಲೇ, ಮಾತು. ಆ ಮಾತು ಸಪ್ಪೆಯಾದರೆ ಊಟವೇ ಸಪ್ಪೆ.

ಮಾತಿಗಾಗಿ ಜನ ಚಾನೆಲ್ ಹಾಕುತ್ತಾರಾ? ಇಲ್ಲ. ಪಂದ್ಯ ಚೆನ್ನಾಗಿದ್ದರೆ ಯಾರು ಮಾತಾಡಿದರೂ ನೋಡುತ್ತಾರೆ. ಇದು ಟೀವಿಯವರಿಗೂ ಗೊತ್ತು. ಆದರೂ ಕೊಡುತ್ತಾರೆ, ಯಾಕೆಂದರೆ ಲೀಗ್‌ನವರ ಮುಂದೆ, ಜಾಹೀರಾತು ಕೊಡುವವರ ಮುಂದೆ, ನಮ್ಮ ಬಾಕ್ಸ್‌ನಲ್ಲಿ ಇಂಥವರಿದ್ದಾರೆ ಅಂತ ಹೇಳಿಕೊಳ್ಳಬಹುದು. ಬ್ರೇಡಿ ಲೆಕ್ಕ ಪೂರ್ತಿ ಇದೇ. 2022ರ ಮೇ ತಿಂಗಳಲ್ಲಿ, ಆತ ಇನ್ನೂ ಆಡುತ್ತಿರುವಾಗಲೇ, ಫಾಕ್ಸ್ ಚಾನೆಲ್ ಒಪ್ಪಂದ ಮಾಡಿಕೊಂಡಿತು. ವರದಿಯಾದ ಮೊತ್ತ 10 ವರ್ಷಕ್ಕೆ 37.5 ಕೋಟಿ ಡಾಲರ್, 23 ಸೀಸನ್ ಮೈ ಮುರಿದು ಆಡಿ ಗಳಿಸಿದ್ದಕ್ಕಿಂತ ಜಾಸ್ತಿ! 2024ರ ಸೆಪ್ಟೆಂಬರ್ 8ರಂದು ಕ್ಲೀವ್‌ಲ್ಯಾಂಡ್‌ನಲ್ಲಿ ನಿಮ್ಮ ಕೌಬಾಯ್ಸ್ ಪಂದ್ಯದಿಂದಲೇ ಶುರು ಮಾಡಿದರು. ಮೊದಮೊದಲು ತಡವರಿಸಿದರು, ಆಮೇಲೆ ಪರವಾಗಿಲ್ಲ. ಆದರೆ ಒಂದು ಎಡವಟ್ಟಿದೆ. ಬ್ರೇಡಿ ಅದೇ ಹೊತ್ತಿಗೆ ರೇಡರ್ಸ್ ತಂಡದಲ್ಲಿ ಸಣ್ಣ ಪಾಲುದಾರರೂ ಆದರು. ಪಂದ್ಯಕ್ಕೆ ಮುಂಚೆ ಪ್ರಸಾರದವರು ಎರಡೂ ತಂಡದ ಕೋಚ್‌ಗಳ ಜೊತೆ ಕೂತು ಮಾತಾಡುವ ಪದ್ಧತಿಯಿದೆ, ಅಲ್ಲಿ ನಿಜವಾದ ವಿಷಯ ಸಿಗುತ್ತದೆ. ಬೇರೆ ತಂಡದ ಮಾಲೀಕನ ಮುಂದೆ ಯಾವ ಕೋಚ್ ಬಾಯಿ ಬಿಡುತ್ತಾನೆ? ಹಾಗಾಗಿ ಲೀಗ್ ಮೊದಲ ಸೀಸನ್ನಿನಲ್ಲಿ ಆ ಸಭೆಗಳಿಗೆ ಅವರನ್ನು ಬಿಡಲೇ ಇಲ್ಲ. ಅಷ್ಟು ದುಡ್ಡು ಕೊಟ್ಟು, ಕೈ ಕಟ್ಟಿಹಾಕಿದ ಅಡುಗೆಭಟ್ಟನನ್ನು ತಂದ ಹಾಗಾಯಿತು. ಅವರಿಗಾಗಿ ಗ್ರೆಗ್ ಓಲ್ಸೆನ್ ಅನ್ನುವ ಅನಲಿಸ್ಟ್‌ನನ್ನು ಎರಡನೇ ಜೋಡಿಗೆ ತಳ್ಳಿದರು. ಕೆಲಸದಲ್ಲಿ ಓಲ್ಸೆನ್ನೇ ಮೇಲು ಅಂತ ನನ್ನ ಖಚಿತ ಅಭಿಪ್ರಾಯ, ಮತ್ತೆ ಆತ ಕ್ವಾರ್ಟರ್‌ಬ್ಯಾಕ್ ಅಲ್ಲವೇ ಅಲ್ಲ.

ಹಾಗಾದರೆ ಕ್ವಾರ್ಟರ್‌ಬ್ಯಾಕ್ ಅಂದ ಮಾತ್ರಕ್ಕೆ ಗೆದ್ದೇ ಗೆಲ್ಲುತ್ತಾರೆ ಅಂತ ಅಲ್ಲ. ನಾಲ್ಕು ಸೂಪರ್ ಬೌಲ್ ಗೆದ್ದ ಜೋ ಮೊಂಟಾನಾ ಟೀವಿಯಲ್ಲಿ ಬಹಳ ದಿನ ನಿಲ್ಲಲಿಲ್ಲ. ಜೋ ನೇಮತ್ 1985ರಲ್ಲಿ ಸೋಮವಾರ ರಾತ್ರಿಯ ಪಂದ್ಯಗಳಿಗೆ ಬಂದು ಒಂದೇ ಸೀಸನ್‌ಗೆ ಹೋದರು. ಡ್ರೂ ಬ್ರೀಸ್ ಎನ್‌ಬಿಸಿ ಚಾನೆಲ್‌ನಲ್ಲಿ ಒಂದೇ ವರ್ಷ. ಜೇ ಕಟ್ಲರ್ ಕಥೆ ಇನ್ನೂ ಮಜಾ: ರೋಮೊ ಸೇರಿದ ವರ್ಷವೇ ಫಾಕ್ಸ್ ಸೇರಿದ್ದರು, ಸೀಸನ್ ಶುರುವಾಗುವ ಮುಂಚೆಯೇ ಮಯಾಮಿ ತಂಡ ಒಂದು ಕೋಟಿ ಡಾಲರ್ ಅಂದಿತು, ಮೈಕ್ ಅಲ್ಲೇ ಇಟ್ಟು ಹೆಲ್ಮೆಟ್ ಹಾಕಿಕೊಂಡು ಹೋದರು. ರೋಮೊ ಗೆಳೆಯ, ಕೌಬಾಯ್ಸ್‌ನ ಜೇಸನ್ ವಿಟ್ಟನ್ (ಇವರು ಕ್ವಾರ್ಟರ್‌ಬ್ಯಾಕ್ ಅಲ್ಲ) ಅವರನ್ನು 2018ರಲ್ಲಿ ಇಎಸ್‌ಪಿಎನ್ ಚಾನೆಲ್‌ನವರು ರೋಮೊನನ್ನು ನೋಡಿಯೇ ಕರೆಸಿಕೊಂಡರೇನೋ ಅನ್ನುವ ಹಾಗಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಪರಿಸ್ಥಿತಿ, ಪಾಪ. ಮಾರನೇ ವರ್ಷ ವಾಪಸ್ ಮೈದಾನಕ್ಕೇ ಬಂದರು.

ಗೆದ್ದವರಲ್ಲಿ ನಿಮ್ಮ ಊರಿನವರು ಜಾಸ್ತಿ, ಇದು ಗಮನಿಸಬೇಕಾದ ವಿಷಯ. ಡಾನ್ ಮೆರೆಡಿತ್ ಕೌಬಾಯ್ಸ್‌ನ ಮೊದಲ ದಶಕದ ಕ್ವಾರ್ಟರ್‌ಬ್ಯಾಕ್, 1970ರಲ್ಲಿ ಸೋಮವಾರ ರಾತ್ರಿಯ ಪ್ರಸಾರ ಶುರುವಾದಾಗಲೇ ಬಾಕ್ಸ್‌ನಲ್ಲಿದ್ದವರು. ಪಂದ್ಯ ಒಂದು ಕಡೆ ವಾಲಿತು ಅಂದರೆ ಹಳೇ ಹಾಡಿನ ಸಾಲು ಹಾಡಿ ಎಲ್ಲರಿಗೂ ಮಲಗಲು ಹೇಳುತ್ತಿದ್ದರು. ಟ್ರಾಯ್ ಏಕ್‌ಮನ್ ಮೂರು ಸೂಪರ್ ಬೌಲ್ ಗೆದ್ದು, ತಲೆಗೆ ಬಿದ್ದ ಪೆಟ್ಟುಗಳು ಮತ್ತು ಬೆನ್ನು ನೋವಿನಿಂದ 2001ರಲ್ಲಿ ಬಿಟ್ಟವರು. ಅದೇ ವರ್ಷ ಟೀವಿಗೆ ಬಂದವರು ಇವತ್ತಿಗೂ ಇದ್ದಾರೆ. ಅವರು ರೋಮೊ ಹಾಗೆ ಕುಣಿಯುವುದಿಲ್ಲ, ತಪ್ಪನ್ನು ತಪ್ಪು ಅಂತ ತಣ್ಣಗೆ ಹೇಳುತ್ತಾರೆ, ತಯಾರಿ ಮಾಡಿಕೊಂಡು ಬರುತ್ತಾರೆ. ಕೌಬಾಯ್ಸ್ ದೇಶದಲ್ಲೆಲ್ಲ ಜಾಸ್ತಿ ಟೀವಿಯಲ್ಲಿ ಬರುವ ತಂಡ, ಅದರ ಕ್ವಾರ್ಟರ್‌ಬ್ಯಾಕ್ ಅಂದರೆ ವಾರವಾರ ಕ್ಯಾಮೆರಾ ಮುಂದೆ ನಿಂತು ಬೈಗುಳಕ್ಕೂ ನಗುತ್ತಾ ಉತ್ತರ ಕೊಟ್ಟು ಅಭ್ಯಾಸ ಆಗಿರುತ್ತದೆ. ಅರ್ಧ ತರಬೇತಿ ಅಲ್ಲೇ ಮುಗಿದಿರುತ್ತದೆ.

ಅವಧಿ ಅಂದೆನಲ್ಲ, ಅದನ್ನು ಹೇಳದೆ ಬಿಟ್ಟರೆ ಉತ್ತರ ಅರ್ಧ. ಸೊಗಡವರೆ ಇದೆಯಲ್ಲ, ಆ ಘಮ ಚಳಿಗಾಲದ ಕಾಯಿಯಲ್ಲಿ ಮಾತ್ರ. ರೋಮೊ ತಿಳಿವಳಿಕೆಯೂ ಹಾಗೇ. 2017ರಲ್ಲಿ ಅವರು ಬಾಕ್ಸ್‌ನಿಂದ ನೋಡುತ್ತಿದ್ದದ್ದು ಹಿಂದಿನ ವರ್ಷದವರೆಗೆ ತಾವೇ ಎದುರಿಸಲು ಓದಿಕೊಂಡಿದ್ದ ಕೋಚ್‌ಗಳ, ತಂಡಗಳ ಆಟವನ್ನೇ. ಆಮೇಲೆ ಆಟ ಬದಲಾಯಿತು. ಹೊಸ ಕೋಚ್‌ಗಳು ಬಂದರು. ಸೇಫ್ಟಿಗಳು ಸ್ನ್ಯಾಪ್ ಆಗುವವರೆಗೂ ಇಬ್ಬರೂ ಹಿಂದೆ ನಿಂತು, ಚೆಂಡು ಎದ್ದ ಕ್ಷಣದಲ್ಲಿ ಜಾಗ ಬದಲಿಸುವುದು ಜಾಸ್ತಿಯಾಯಿತು, ಅಂದರೆ ಆ ಸುಳಿವನ್ನೇ ಬಚ್ಚಿಟ್ಟರು. ಮೈದಾನದಲ್ಲಿದ್ದವನು ಇದನ್ನು ಹೊಡೆತ ತಿಂದು ಕಲಿಯುತ್ತಾನೆ. ಬಾಕ್ಸ್‌ನಲ್ಲಿ ಇದ್ದವನು ವಾರಪೂರ್ತಿ ವಿಡಿಯೋ ನೋಡಿ ಕಲಿಯಬೇಕು. ಕೆಲವು ವರ್ಷ ಕಳೆಯುತ್ತಿದ್ದಂತೆ ಭವಿಷ್ಯ ಕಡಿಮೆಯಾಯಿತು, ಉದ್ಗಾರ ಜಾಸ್ತಿಯಾಯಿತು. ಪತ್ರಿಕೆಗಳು ತಯಾರಿ ಸಾಲದು ಅಂತ ಬರೆಯತೊಡಗಿದವು. 2024ರ ಫೆಬ್ರವರಿ, ಲಾಸ್ ವೇಗಸ್ ಸೂಪರ್ ಬೌಲ್, 12 ಕೋಟಿಗೂ ಜಾಸ್ತಿ ಜನ ನೋಡುತ್ತಿದ್ದರು. ಓವರ್‌ಟೈಮ್‌ನಲ್ಲಿ ಚೀಫ್ಸ್ ಗೆಲುವಿನ ಟಚ್‌ಡೌನ್ ಹೊಡೆದ ಕ್ಷಣ, ನಾಂಟ್ಜ್ ಆ ಘಳಿಗೆಯನ್ನು ಕಟ್ಟಿಕೊಡಬೇಕಾದಾಗ ಇವರು ಮೇಲೆ ಮಾತಾಡಿಬಿಟ್ಟರು. ಸಿಕ್ಕಾಪಟ್ಟೆ ಬೈಸಿಕೊಂಡರು. ನನಗೆ ಆಶ್ಚರ್ಯ ಆಗಲಿಲ್ಲ. ಪದ್ಧತಿ ಮುರಿದೇ ಮೇಲೆ ಬಂದವರು, ಅದೇ ಪದ್ಧತಿ ನಿಜಕ್ಕೂ ಬೇಕಾದ ಕ್ಷಣದಲ್ಲಿ ನೆನಪಾಗಲಿಲ್ಲ.

ನಮ್ಮಲ್ಲಿ ಇದಕ್ಕೆ ಬೇರೆ ದಾರಿ ಹಿಡಿದವರು ದಿನೇಶ್ ಕಾರ್ತಿಕ್. ಆಡುವುದನ್ನು ಬಿಡದೆಯೇ 2021ರಲ್ಲಿ ಇಂಗ್ಲೆಂಡಿನಲ್ಲಿ ವಿಶ್ವ ಟೆಸ್ಟ್ ಫೈನಲ್‌ಗೆ ಕಾಮೆಂಟರಿ ಮಾಡಿದರು, ಮಾರನೇ ವರ್ಷ ಆರ್‌ಸಿಬಿಗೆ ಬಂದು ಪಂದ್ಯ ಮುಗಿಸಿ ಕೊಟ್ಟು ಭಾರತ ತಂಡಕ್ಕೂ ವಾಪಸ್ ಹೋದರು. ಅವರ ಮಾತಿನಲ್ಲಿ ಸೊಗಡು ಇದ್ದದ್ದು ಅದಕ್ಕೇ, ಕೈಗೆ ಇನ್ನೂ ಗ್ಲೌಸ್ ವಾಸನೆ ಇತ್ತು. ಫುಟ್‌ಬಾಲ್‌ನಲ್ಲಿ ಇದು ಆಗುವ ಮಾತಲ್ಲ. ಆ ಏಟು ತಿನ್ನುವ ಮೈ ಒಮ್ಮೆ ಬಿಟ್ಟರೆ ವಾಪಸ್ ಬರುವುದು ಬಹಳ ಅಪರೂಪ.

ಕೊನೆಗೆ, ನೀವು ಕೇಳದಿದ್ದರೂ ಹೇಳುತ್ತೇನೆ. ಆಟ ಬೇಗ ಕಲಿಯಬೇಕು ಅಂದರೆ ಆರ್ಲಿಂಗ್ಟನ್‌ನ ಸ್ಟೇಡಿಯಂಗೆ ಒಂದು ಸಲ ಹೋಗಿ, ಕೆಳಗಿನ ದುಬಾರಿ ಸೀಟು ತೆಗೆದುಕೊಳ್ಳಬೇಡಿ. ಮೇಲಿನ ಹಂತದಲ್ಲಿ, ಆದಷ್ಟು ಗೋಲ್ ಪೋಸ್ಟ್ ಹಿಂದೆ ಕೂತುಕೊಳ್ಳಿ, ಅಲ್ಲಿ ಟಿಕೆಟ್ಟೂ ಅಗ್ಗ, ಸೇಫ್ಟಿಗಳಿಬ್ಬರೂ ಕಾಣುತ್ತಾರೆ. ಆ ದೊಡ್ಡ ಪರದೆಯ ಕಡೆ ನೋಡಬೇಡಿ, ಚೆಂಡಿನ ಕಡೆಯೂ ಬೇಡ. ಬರೀ ಆ ಇಬ್ಬರನ್ನು ನೋಡುತ್ತಿರಿ. ಎರಡನೇ ಕ್ವಾರ್ಟರ್ ಹೊತ್ತಿಗೆ ಪಕ್ಕದವರಿಗೆ ನೀವೇ ಒಂದೆರಡು ಪ್ಲೇ ಮೊದಲೇ ಹೇಳುತ್ತೀರಿ. ಮೂರರಲ್ಲಿ ಒಂದು ತಪ್ಪಾದರೆ ಬೇಜಾರಾಗಬೇಡಿ.